ಹದಿನೈದು ಇಂಚಿನ ಸಿಟ್ಟು

ಅಣ್ಣನ ಫೋನು ಬಂದಾಗ ಉಳಿಯಕ್ಕ ಕಾರ್ಖಾನೆಯಲ್ಲಿ ಯಾರದೋ ಅಡುಗೆಮನೆಯ ಬೀರುವಿಗೆ ಬಾಗಿಲು ಕೂರಿಸುತ್ತಿದ್ದಳು. ಉಳಿಯಕ್ಕ ಅಂತ ಹೆಸರಿಟ್ಟವರು ಜೊತೆಯ ಬಡಗಿಗಳು. ಉಳಿ ಹಿಡಿದರೆ ಕೂದಲೆಳೆಯಷ್ಟೂ ತಪ್ಪದ ಕೈ ಅವಳದು ಅನ್ನುವುದು ಒಂದು ಕಾರಣ, ಬಾಯಿ ಬಿಟ್ಟರೂ ಅಷ್ಟೇ ಹರಿತ ಅನ್ನುವುದು ಇನ್ನೊಂದು. ನಲವತ್ತಾರರ ಹೆಂಗಸು. ಮದುವೆ ಗಿದುವೆ ಅಂತ ಯಾರಾದರೂ ಮಾತು ತೆಗೆದರೆ ಕೀಸುಳಿ ಎತ್ತಿಕೊಂಡು ಮರ ಹೆರೆಯಲು ಶುರು ಮಾಡುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

"ನಮ್ಮ ಹಳೇ ಏಳು ಹಾಡನ್ನ ಹೊಸದಾಗಿ ಬಿಡ್ತಾ ಇದ್ದೀನಿ ಕಣೆ," ಅಂದ ಅಣ್ಣ. ಒಳ್ಳೇ ಖುಷಿಯಲ್ಲಿದ್ದ. "ಕ್ಯಾಸೆಟ್ಟಿಂದ ತೆಗೆಸಿ, ತೊಳೆದು, ಒರೆಸಿ, ಲಕಲಕ ಅನ್ನೋ ಹಾಗೆ ಮಾಡಿಸಿದೀನಿ. ನಿನಗೂ ಕಳಿಸಿದೀನಿ, ಕೇಳು. ಡ್ರಮ್ಸ್ ಅಂತ ನಿನ್ನ ಹೆಸರೂ ಹಾಕಿದೀನಿ."

ಇಪ್ಪತ್ಮೂರು ವರ್ಷದ ಹಿಂದಿನ ಮಾತು. ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ ಇತ್ತು. ಅಲ್ಲಿ ಅಣ್ಣ ಹಾಡುತ್ತಿದ್ದ, ಅವನ ಇಬ್ಬರು ಗೆಳೆಯರು ಗಿಟಾರು ಬಾರಿಸುತ್ತಿದ್ದರು, ತಂಗಿ ಡ್ರಮ್ಸ್. ರಾಕ್ ಸಂಗೀತ, ಅದೂ ಗೋಡೆ ನಡುಗುವಂಥದ್ದು. ಅಪ್ಪ ತನ್ನ ಟೇಪ್ ಯಂತ್ರ ಇಟ್ಟು ಒಂದೇ ವಾರದಲ್ಲಿ ಏಳು ಹಾಡು ಹಿಡಿದಿದ್ದ. ದನಿ, ಗಿಟಾರು, ಡ್ರಮ್ಸ್ ಯಾವುದು ಎಷ್ಟು ಜೋರಿರಬೇಕು ಅಂತ ಹದ ಮಾಡಿ, ಎಲ್ಲ ಕೂಡಿಸಿ ಕ್ಯಾಸೆಟ್ ಮಾಡಿದ್ದೂ ಅವನೇ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಹಾಡು ಚೆನ್ನಾಗಿದೆ, ಗಿಟಾರು ಚೆನ್ನಾಗಿದೆ, ಡ್ರಮ್ಸ್ ಮಾತ್ರ ಸಪ್ಪೆ. ಹುಡುಗಿ ಕೈ ಅಲ್ವಾ, ಎಲ್ಲಿಂದ ಬರಬೇಕು ಬಲ? ಒಂದು ತಿಂಗಳಲ್ಲಿ ಅಣ್ಣ ಬೇರೆ ಡ್ರಮ್ಮರನನ್ನು ಕರೆದುಕೊಂಡು ಬಂದ. ಬೇಜಾರು ಮಾಡ್ಕೋಬೇಡ, ಕ್ಯಾಸೆಟ್ ನೀನೇ ಕೇಳಿದೀಯಲ್ಲ ಅಂದ. ಅವಳೂ ಕೇಳಿದ್ದಳು. ಕೇಳಿ ನಂಬಿದ್ದಳು. ಡ್ರಮ್ಸ್ ಯಾರಿಗೋ ಕೊಟ್ಟುಬಿಟ್ಟಳು, ಬಡಗಿ ಕೆಲಸ ಕಲಿಯಲು ಸೇರಿದಳು, ಆಮೇಲೆ ಕೋಲು ಮುಟ್ಟಲಿಲ್ಲ. ಆ ತಂಡವೂ ಎರಡು ವರ್ಷ ಬಾಳಲಿಲ್ಲ ಅನ್ನುವುದು ಬೇರೆ ವಿಷಯ.

ಚಹಾದ ಹೊತ್ತಿಗೆ ಮರದ ಪುಡಿ ಮೆತ್ತಿದ ಫೋನನ್ನು ಕಿವಿಗೆ ಹಿಡಿದು ಮೊದಲನೇ ಹಾಡು ಕೇಳಿದಳು. ಎರಡನೆಯದು ಅರ್ಧ ಕೇಳಿದಳು. ಮೂರನೆಯದರ ಶುರುವಿನಲ್ಲೇ ಎದ್ದು ನಿಂತಳು. ಬಾರಿಸುತ್ತಿದ್ದದ್ದು ಅವಳಲ್ಲ. ಯಾವುದೋ ಯಂತ್ರ. ಒಂದೊಂದು ಪೆಟ್ಟೂ ಇನ್ನೊಂದರ ತದ್ರೂಪ, ಇಟ್ಟಿಗೆ ಜೋಡಿಸಿದ ಹಾಗೆ.

"ಇದು ಯಾರು ಬಾರಿಸಿರೋದು?" ಫೋನಲ್ಲಿ ಅಣ್ಣನನ್ನು ಕೇಳಿದಳು.

"ಅದು… ಸ್ವಲ್ಪ ಕಂಪ್ಯೂಟರಲ್ಲಿ ಸರಿ ಮಾಡ್ಸಿದೀನಿ."

"ಸರಿ ಮಾಡಿಸೋದು ಅಂದ್ರೆ ಕಿತ್ತು ಬಿಸಾಕೋದಾ? ಬಿಸಾಕಿ, ಅದರ ಮೇಲೆ ನನ್ನ ಹೆಸರು ಬೇರೆ ಅಂಟಿಸ್ತೀಯಾ?"

"ನೋಡು, ಇರೋದು ಆ ಕ್ಯಾಸೆಟ್ ಒಂದೇ. ಅದರಲ್ಲಿ ನಿನ್ನ ಡ್ರಮ್ಸ್ ಎಲ್ಲಿದೆ ತೋರ್ಸು. ಬೆಂಕಿಪೊಟ್ಟಣ ತಟ್ಟಿದ ಹಾಗಿದೆ. ಅದನ್ನ ಹಾಗೇ ಬಿಟ್ರೆ ಜನ ನಗ್ತಾರೆ."

"ನನ್ನ ಕೈ ಹಾಗಿರಲಿಲ್ಲ."

"ಫೋನಲ್ಲಿ ಕೇಳ್ಕೊಂಡು ನನಗೆ ಪಾಠ ಹೇಳ್ಬೇಡ ತಾಯಿ. ಆ ಕ್ಯಾಸೆಟ್ಟನ್ನ ಒಳ್ಳೇ ಸ್ಪೀಕರಲ್ಲಿ, ಜೋರಾಗಿ, ಒಂದು ಸಲ ಕೇಳು. ಆಮೇಲೂ ನಿನಗೆ ಹಾಗೇ ಅನ್ನಿಸಿದ್ರೆ ಫೋನು ಮಾಡು."

ಅವತ್ತು ಮಧ್ಯಾಹ್ನ ಅವಳು ಕೂರಿಸಿದ ಎರಡು ಬಾಗಿಲೂ ವಾರೆಯಾದವು. ಬಿಚ್ಚಿ ಮತ್ತೆ ಕೂರಿಸಬೇಕಾಯಿತು. ಮೇಸ್ತ್ರಿ ಏನೋ ಹೇಳಲು ಬಂದವನು ಅವಳ ಮುಖ ನೋಡಿ ಬೇರೆ ಕಡೆ ಹೋದ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಪ್ಪ ಇಬ್ಬರೇ. ಅಪ್ಪನಿಗೆ ಎಪ್ಪತ್ತೆಂಟು. ಅಂಗಡಿ ಮುಚ್ಚಿ ವರ್ಷಗಳೇ ಆದರೂ ಊರಿಗೆಲ್ಲ ಅವನು ಈಗಲೂ ರೇಡಿಯೋ ಮೇಷ್ಟ್ರು. ಸಾಮಾನೆಲ್ಲ ಮನೆಯ ಹಿಂದಿನ ಕೋಣೆಗೆ ಬಂದಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಅವನು ಅಲ್ಲೇ ಏನನ್ನಾದರೂ ಬಿಚ್ಚುತ್ತಲೋ ಜೋಡಿಸುತ್ತಲೋ ಕೂತಿರುತ್ತಿದ್ದ. ಮಗಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಅಪ್ಪ, ನನಗೆ ಸ್ಪೀಕರ್ ಬೇಕು."

"ಮುಂದಿನ ಕೋಣೆಲಿ ಇದೆಯಲ್ಲ."

"ಅದಲ್ಲ. ಡ್ರಮ್ ಬಾರಿಸಿದ್ರೆ ಡ್ರಮ್ ಥರಾನೇ ಕೇಳಿಸಬೇಕು, ಅಷ್ಟೇ ಜೋರಾಗಿ. ಎದೆಗೆ ಬಡೀಬೇಕು. ಕೇಳಿದವನು ಬಾಯಿ ಮುಚ್ಕೋಬೇಕು. ಪೆಟ್ಟಿಗೆ ನಾನು ಮಾಡ್ತೀನಿ. ಒಳಗಿನದು ನೀವು ಹೇಳ್ಕೊಡಿ."

ಅಣ್ಣನ ಜೊತೆ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಕೇಳಿಸಿಕೊಂಡ. ಕೈಯಲ್ಲಿದ್ದ ತಿರುಪುಳಿಯನ್ನು ಒಂದೆರಡು ಸಲ ತಿರುಗಿಸಿದ. ಕ್ಯಾಸೆಟ್ ಬಗ್ಗೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವಳಿಗೂ ಅದನ್ನು ಗಮನಿಸುವ ವ್ಯವಧಾನ ಇರಲಿಲ್ಲ. ಆಮೇಲೆ ಅಪ್ಪ ಮೇಷ್ಟ್ರ ದನಿಯಲ್ಲಿ ಶುರು ಮಾಡಿದ.

"ನಮ್ಮ ಹತ್ರ ಇರೋದು ಈ ವಾಲ್ವಿನ ಆಂಪ್ಲಿಫೈಯರ್. ನಾನೇ ಕಟ್ಟಿದ್ದು. ಇಪ್ಪತ್ತು ವ್ಯಾಟು, ಅಷ್ಟೇ."

"ಸಾಲುತ್ತಾ?"

"ಅದನ್ನ ಆಂಪ್ಲಿಫೈಯರ್‌ನ ಕೇಳಬಾರದು, ಸ್ಪೀಕರ್‌ನ ಕೇಳಬೇಕು. ಒಂದು ವ್ಯಾಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಅಳೆದರೆ ಅದು ಎಷ್ಟು ಸದ್ದು ಮಾಡುತ್ತೆ? ಮುಂದಿನ ಕೋಣೇದು ಎಂಬತ್ತೈದು ಡೆಸಿಬೆಲ್. ಅದೇ ತೊಂಬತ್ತೆಂಟು ಕೊಡೋ ಸ್ಪೀಕರ್ ಇದ್ರೆ? ಹದಿಮೂರು ಜಾಸ್ತಿ. ಮೂರು ಮೂರಕ್ಕೂ ವ್ಯಾಟು ಎರಡರಷ್ಟಾಗ್ತಾ ಹೋಗುತ್ತೆ. ತೊಂಬತ್ತೆಂಟರದ್ದು ಇಪ್ಪತ್ತು ವ್ಯಾಟಲ್ಲಿ ಮಾಡೋ ಸದ್ದಿಗೆ ಎಂಬತ್ತೈದರದ್ದು ನಾನೂರು ಕೇಳುತ್ತೆ. ನಾನೂರು ಕೊಟ್ಟರೆ ಅದರ ಒಳಗಿನ ತಂತಿ ಸುರುಳಿ ಸುಟ್ಟು ಕರಕಲಾಗುತ್ತೆ."

"ಹಾಗಾದ್ರೆ ತೊಂಬತ್ತೆಂಟರದ್ದು ಹೇಳಿ."

ಅಪ್ಪ ಹೇಳಿದ್ದು ಒಂದೇ ಕೋನಿನ, ಅಂದರೆ ಅದುರಿ ಸದ್ದು ಮಾಡುವ ಒಂದೇ ಕಾಗದದ ಬಟ್ಟಲಿನ ಸ್ಪೀಕರ್. ಎಂಟು ಇಂಚಿನದು, ಗರಿಯಷ್ಟು ಹಗುರ. ಅದರ ಬೆನ್ನಿನ ಸದ್ದು ಪೆಟ್ಟಿಗೆಯೊಳಗೆ ಮಡಚಿಟ್ಟ ಉದ್ದನೆಯ ದಾರಿಯಲ್ಲಿ ಹರಿದು, ಅಗಲವಾಗುತ್ತಾ ಅಗಲವಾಗುತ್ತಾ ಕಹಳೆಯ ಬಾಯಿಂದ ಬಂದ ಹಾಗೆ ಕೆಳಗಿನಿಂದ ಹೊರಗೆ ಬರುತ್ತದೆ. ಸದ್ದನ್ನು ದಪ್ಪ, ಸಣ್ಣ ಅಂತ ಎರಡು ಪಾಲು ಮಾಡುವ ಗೊಡವೆ ಇಲ್ಲ, ಮಧ್ಯೆ ಸರ್ಕ್ಯೂಟಿಲ್ಲ. "ಮನುಷ್ಯನ ದನಿ ಕೇಳಬೇಕು ಅದರಲ್ಲಿ," ಅಂದ ಅಪ್ಪ, ಕಣ್ಣು ಅರೆಮುಚ್ಚಿ. "ಪಕ್ಕದಲ್ಲಿ ಕೂತು ಹಾಡಿದ ಹಾಗೆ."

ಮೂರು ಭಾನುವಾರ ಹಿಡಿಯಿತು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವಳು ಅಗ್ಗದ ಪ್ಲೈವುಡ್ಡಿನಲ್ಲೇ ಒಂದು ಮಾದರಿ ಕಟ್ಟಿದಳು. ಒಳಗೆ ಹದಿನಾಲ್ಕು ಹಲಗೆ, ಒಂದೊಂದೂ ಒಂದೊಂದು ಓರೆಯಲ್ಲಿ. ಅಪ್ಪ ಬಂದು ತಂತಿ ಬೆಸೆದ. ಮೊದಲು ಯಾರದೋ ಒಂಟಿ ದನಿಯ ಹಾಡು ಹಾಕಿದರು. ನಿಜಕ್ಕೂ ಪಕ್ಕದಲ್ಲಿ ಕೂತು ಹಾಡಿದ ಹಾಗೇ ಇತ್ತು. ಅಪ್ಪನ ಮುಖ ಅರಳಿತು. ಆಮೇಲೆ ಅವಳು ತನ್ನ ಹರೆಯದ ಕಾಲದ ಒಂದು ರಾಕ್ ಹಾಡಿನ ರೆಕಾರ್ಡು ತಟ್ಟೆ ಹಾಕಿ ಗುಂಡಿ ತಿರುಗಿಸಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಗಿಟಾರು ತಗಡು ಕೆರೆದ ಹಾಗೆ ಕಿರುಚತೊಡಗಿತು. ಒಬ್ಬನೇ ಎಲ್ಲ ಕೆಲಸ ಮಾಡಹೊರಟು ಯಾವುದನ್ನೂ ನೆಟ್ಟಗೆ ಮಾಡದ ಹಾಗೆ ಎಲ್ಲ ಒಂದರೊಳಗೊಂದು ಕಲೆಸಿಕೊಂಡಿತು. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

"ಸ್ವಲ್ಪ ಮೆಲ್ಲಗೆ ಇಡು, ಚೆನ್ನಾಗಿರುತ್ತೆ," ಅಂದ ಅಪ್ಪ.

ಅವಳು ಆಫ್ ಮಾಡಿದಳು.

"ಮೆಲ್ಲಗೆ ಇಡೋದಕ್ಕಾ ನಾನು ಮೂರು ವಾರ ಬೆರಳು ತುಂಡು ಮಾಡ್ಕೊಂಡಿದ್ದು? ನಾನು ನಿಮ್ಮ ಹತ್ರ ಕೇಳಿದ್ದೇನು? ಡ್ರಮ್ ಕೇಳಿಸಬೇಕು ಅಂದೆ. ನೀವು ಕೊಟ್ಟಿದ್ದೇನು? ದನಿ! ನಿಮಗೆ ಯಾವತ್ತೂ ದನಿ ಒಂದಿದ್ರೆ ಸಾಕು. ಅವನ ದನಿ. ಮನೇಲಿ ಇನ್ನೊಬ್ಬಳು ಗೋಡೆ ಬಿರಿಯೋ ಹಾಗೆ ಬಾರಿಸ್ತಿದ್ಲು, ಅದು ನಿಮ್ಮ ಕಿವಿಗೆ ಯಾವತ್ತಾದ್ರೂ ಬಿದ್ದಿತ್ತಾ?"

ಅಪ್ಪ ಎದ್ದು ಹೋದ. ಅವಳು ಸುತ್ತಿಗೆ ತೆಗೆದುಕೊಂಡು ಆ ಪೆಟ್ಟಿಗೆಯ ಹದಿನಾಲ್ಕೂ ಹಲಗೆ ಬಿಡಿಸಿ ಹಾಕಿದಳು. ಬಿಡಿಸಿದಳು ಅನ್ನುವುದು ಮರ್ಯಾದೆಯ ಮಾತು. ಒಡೆದು ಹಾಕಿದಳು.

ಅಲ್ಲಿಂದ ಮುಂದೆ ಅವಳೇ ಓದಿದಳು. ಹಳೇ ಪುಸ್ತಕ, ಹವ್ಯಾಸಿಗಳು ಬರೆದದ್ದು, ಸಿಕ್ಕಿದ್ದೆಲ್ಲ. ಊಟದ ಹೊತ್ತಿನಲ್ಲಿ ಅಳತೆಪಟ್ಟಿ ಪಕ್ಕಕ್ಕಿಟ್ಟು, ಸೀಮೆಸುಣ್ಣದಿಂದ ಹಲಗೆಯ ಮೇಲೆ ಲೆಕ್ಕ ಹಾಕಿದಳು. ದಪ್ಪ ಸದ್ದಿಗೂ ಕಹಳೆಯೇ ಕಟ್ಟಿದರೆ ಹೇಗೆ ಅನ್ನಿಸಿತು. ಅಂಥದ್ದನ್ನು ಮೀರಿಸುವ ಸ್ಪೀಕರ್ ಇಲ್ಲ ಅಂತ ಎಲ್ಲರೂ ಬರೆದಿದ್ದರು. ಆದರೆ ಲೆಕ್ಕ ಮುಗಿದಾಗ ಅದರ ಬಾಯಿ ಶೆಡ್ಡಿನ ಬಾಗಿಲಿಗಿಂತ ದೊಡ್ಡದಾಯಿತು. ಸಣ್ಣದು ಮಾಡಿದರೆ ಕಾಲಿನ ಡ್ರಮ್ಮಿನ ಬುಡವೇ ಹೋಗುತ್ತದೆ. ಎರಡು ದಿನ ಅದರ ಸುತ್ತ ಸುತ್ತಾಡಿ ಕೈಬಿಟ್ಟಳು. ಕೊನೆಗೆ ನಿಂತದ್ದು ಇದು: ಕೆಳಗೆ ಹದಿನೈದು ಇಂಚಿನ ಒಂದು ದೊಡ್ಡ ಸ್ಪೀಕರ್, ಇನ್ನೂರು ಲೀಟರಿನ ಪೆಟ್ಟಿಗೆ, ಪೆಟ್ಟಿಗೆಗೆ ಗಾಳಿಕಿಂಡಿ. ಅದರ ನೆತ್ತಿಯ ಮೇಲೆ, ಸೆಕೆಂಡಿಗೆ ಸಾವಿರ ಕಂಪನದಿಂದ ಮೇಲಿನ ಸಣ್ಣ ಸದ್ದಿಗೆ, ಮರದಲ್ಲಿ ಕಡೆದ ಕಹಳೆ. ದಪ್ಪದ್ದನ್ನು ದಪ್ಪಗಿರುವುದು ಮಾಡಲಿ, ಸಣ್ಣದನ್ನು ಕಹಳೆ ಮಾಡಲಿ. ಇಬ್ಬರಿಗೂ ಜೋರಾಗಿ ಕೂಗಲು ಬರಬೇಕು, ಅಷ್ಟೇ.

ಸ್ಪೀಕರ್ ಸಿಕ್ಕಿದ್ದು ಮುಚ್ಚಿದ ಚಿತ್ರಮಂದಿರಗಳ ಸಾಮಾನು ಮಾರುವ ಅಂಗಡಿಯಲ್ಲಿ. ಅಂಗಡಿಯವನು ಮೊದಲು ಬಣ್ಣಬಣ್ಣದ್ದು ತೋರಿಸಿದ. "ಇದು ನೋಡಿ ಮೇಡಂ, ಸಾವಿರ ವ್ಯಾಟು!"

"ಎಷ್ಟು ತಿನ್ನುತ್ತೆ ಅಂತ ಕೇಳಿಲ್ಲ. ಒಂದು ವ್ಯಾಟಿಗೆ ಎಷ್ಟು ಕೂಗುತ್ತೆ ಅದನ್ನ ಹೇಳಿ."

ಅವನು ತಲೆ ಕೆರೆದುಕೊಂಡ. ಅವಳೇ ಒಳಗೆ ನುಗ್ಗಿ, ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ನಾಲ್ಕನ್ನು ಎಳೆದಳು. ಅಯಸ್ಕಾಂತದ ಭಾರಕ್ಕೆ ಸೊಂಟ ಹಿಡಿಯಿತು. ಕೋನು ಬರೀ ಕಾಗದ, ಅಂಚಿನಲ್ಲಿ ನೆರಿಗೆ ಹಿಡಿದ ಬಟ್ಟೆ. ಎರಡೂ ಹೆಬ್ಬೆರಳು ಇಟ್ಟು ಕೋನನ್ನು ಮೆಲ್ಲಗೆ ಒಳಗೆ ಒತ್ತಿ, ಕಿವಿ ಹತ್ತಿರ ತಂದು ಕೇಳಿದಳು. ಎರಡರಲ್ಲಿ ಸುರುಳಿ ಉಜ್ಜುವ ಕರಕರ ಇತ್ತು. ಎರಡರಲ್ಲಿ ಇರಲಿಲ್ಲ. ಆ ಎರಡನ್ನೂ, ಕಹಳೆಯ ಹಿಂದೆ ಕೂರಿಸುವ ಎರಡು ಸಣ್ಣ ಸ್ಪೀಕರನ್ನೂ ತಂದಳು.

ಪೆಟ್ಟಿಗೆಗೆ ಗಟ್ಟಿ ಪ್ಲೈವುಡ್ಡನ್ನೇ ಹಾಕಿದಳು, ಒಳಗೆ ಅಡ್ಡಪಟ್ಟಿ ಕೊಟ್ಟು, ಬೆರಳ ಗಂಟಿನಿಂದ ಎಲ್ಲಿ ಬಡಿದರೂ ಕಲ್ಲಿನ ಹಾಗೆ ಅನ್ನುವವರೆಗೆ. ಕಹಳೆಗೆ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಉಳಿಯಿಂದ ಕೆತ್ತಿ, ಮರಳುಕಾಗದ ಉಜ್ಜಿ ಉಜ್ಜಿ ಅಂಗೈ ಜಾರುವ ಹಾಗೆ ಮಾಡಿದಳು. ಕೋಪದಲ್ಲಿ ಮಾಡಿದ ಕೆಲಸ ಕೆಡುತ್ತದೆ ಅನ್ನುತ್ತಿದ್ದ ಮೇಸ್ತ್ರಿ ಇದನ್ನು ನೋಡಬೇಕಾಗಿತ್ತು. ಅಪ್ಪನ ಜೊತೆ ಮಾತು ಅಗತ್ಯಕ್ಕೆ ತಕ್ಕಷ್ಟೇ. ಆದರೂ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು ನೋಡಿದರೆ, ಅಪ್ಪ ಸದ್ದನ್ನು ಎರಡು ಪಾಲು ಮಾಡುವ ತಾಮ್ರದ ಸುರುಳಿಗಳನ್ನು ಸುತ್ತಿ, ಹಲಗೆಗೆ ಬಿಗಿದು, ಬೆಂಚಿನ ಮೇಲೆ ಇಟ್ಟಿದ್ದ. ಕಹಳೆ ದೊಡ್ಡದಕ್ಕಿಂತ ಜೋರಾಗದಂತೆ ತಗ್ಗಿಸಲು ಎರಡು ರೆಸಿಸ್ಟರನ್ನೂ ಸೇರಿಸಿದ್ದ. ಒಂದು ತಪ್ಪಿಲ್ಲ. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಆಗೆಲ್ಲ ಅವನು ಹಿಂದಿನ ಕೋಣೆಯಲ್ಲಿ ಯಾವುದೋ ಹಳೇ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದ. ಏನು ಅಂತ ಇವಳು ಕೇಳಲಿಲ್ಲ.

ಎಲ್ಲ ಮುಗಿದ ಭಾನುವಾರ ಅಣ್ಣನನ್ನು ಕರೆದಳು. "ಕ್ಯಾಸೆಟ್ಟೂ ತಗೊಂಡು ಬಾ," ಅಂದಳು. ಊಟ ಮಾಡಿಕೊಂಡು, ಮೂರು ಗಂಟೆ ಹೊತ್ತಿಗೆ ಬಂದ. ಐವತ್ತು ದಾಟಿದ ಮೇಲೂ ಹಾಡುಗಾರನ ಹಾಗೆ ಉದ್ದ ಕೂದಲು ಬಿಟ್ಟಿದ್ದ. ಶೆಡ್ಡಿನೊಳಗೆ ಕಾಲಿಟ್ಟವನು ಸೊಂಟದೆತ್ತರದ ಎರಡು ಪೆಟ್ಟಿಗೆ, ಅದರ ಮೇಲೆ ಹೊಳೆಯುವ ಮರದ ಕಹಳೆ ನೋಡಿ ನಿಂತೇಬಿಟ್ಟ.

"ಅಯ್ಯಯ್ಯೋ, ಏನೇ ಇದು, ಬೀರು ಮಾಡಿದೀಯಾ?"

"ಬಾಯಿ ಮುಚ್ಕೊಂಡು ಕೂತ್ಕೋ."

ಮೊದಲು ಆ ರಾಕ್ ತಟ್ಟೆ ಹಾಕಿದಳು. ತಗಡಿನ ಮಾಡು ಝಲ್ಲೆಂದಿತು. ಕಾಲಿನ ಡ್ರಮ್ಮಿನ ಒಂದೊಂದು ಪೆಟ್ಟೂ ಹೊಟ್ಟೆಯೊಳಗೆ ಬಿದ್ದ ಹಾಗಾಯಿತು, ಗಿಟಾರು ಎಷ್ಟು ಜೋರಾದರೂ ಕಿರುಚಲಿಲ್ಲ, ಆಂಪ್ಲಿಫೈಯರಿನ ಗುಂಡಿ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಅಣ್ಣ ಬಾಯಿ ತೆರೆದುಕೊಂಡೇ ಕೂತ. ಬಾಗಿಲಲ್ಲಿ ಅಪ್ಪ ಗೋಡೆಗೆ ಕೈ ಕೊಟ್ಟು ನಿಂತಿದ್ದ.

"ಈಗ ಕ್ಯಾಸೆಟ್ ಹಾಕ್ತೀನಿ," ಅಂದಳು. "ಕಿವಿ ತೆರೆದು ಕೇಳು."

ಹಾಕಿದಳು. ಅಣ್ಣನ ದನಿ ಬಂತು, ಎಳೆಯದು, ಚೂಪಾದದ್ದು. ಗಿಟಾರು ಬಂತು. ಅವುಗಳ ಹಿಂದೆ, ಎಲ್ಲೋ ಮೂರನೇ ಮನೆಯಲ್ಲಿ ಯಾರೋ ಡಬ್ಬ ತಟ್ಟಿದ ಹಾಗೆ, ಟಕ್ ಟಕ್ ಟಕ್. ಅವಳು ಗುಂಡಿ ತಿರುಗಿಸಿದಳು. ದನಿ ಜೋರಾಯಿತು, ಡಬ್ಬ ಡಬ್ಬವಾಗಿಯೇ ಉಳಿಯಿತು. ಇನ್ನೂ ತಿರುಗಿಸಿದಳು. ಇಂಥ ಸ್ಪೀಕರ್ ಸುಳ್ಳು ಹೇಳುವುದಿಲ್ಲ. ಅದನ್ನು ಕಟ್ಟಿದ್ದೇ ಅದಕ್ಕೆ.

ಅಣ್ಣ ಗೆದ್ದವನ ಹಾಗೆ ನಗಲಿಲ್ಲ, ಅದು ಅವನ ಪುಣ್ಯ. "ನಾನು ಹೇಳಿದೆನಲ್ಲಾ," ಅಂದ ಮೆಲ್ಲಗೆ. "ಬಿಡು. ಚಿಕ್ಕವಳಿದ್ದೆ ಆಗ."

ಅವಳು ನಿಂತಲ್ಲೇ ನಿಂತಿದ್ದಳು. ಮೂರು ತಿಂಗಳು ಉಳಿ ಹಿಡಿದು ತಾನೇ ತನ್ನ ಗುಂಡಿ ತೋಡಿಕೊಂಡ ಹಾಗೆ ಅನ್ನಿಸಿತು. ಅಳು ಬಂದರೆ ಈ ಸ್ಪೀಕರನ್ನೂ ಒಡೆದುಬಿಡುತ್ತೇನೆ ಅಂದುಕೊಂಡಳು.

ಆಗ ಅಪ್ಪ, "ಅದನ್ನ ನಿಲ್ಲಿಸು," ಅಂದ. ಹೋಗಿ, ಸ್ವಲ್ಪ ಹೊತ್ತಿಗೆ ತಳ್ಳುಗಾಡಿಯ ಮೇಲೆ ಒಂದು ಯಂತ್ರ ಇಟ್ಟುಕೊಂಡು ಬಂದ. ಅದೇ ಹಳೇ ಟೇಪ್ ಯಂತ್ರ. ಹೊಸ ಪಟ್ಟಿ ಹಾಕಿ, ಒರೆಸಿ, ನಡೆಯುವ ಹಾಗೆ ಮಾಡಿದ್ದ. ಮೇಲೆ ಅಗಲವಾದ ಒಂದು ಟೇಪಿನ ಸುರುಳಿ.

"ಆಗ ಹಿಡಿದಿದ್ದ ಮೂಲ ಟೇಪು ಹಾಳಾಯ್ತು ಅಂದಿದ್ರಿ!" ಅಣ್ಣ ಎದ್ದೇಬಿಟ್ಟ.

"ಹಾಳಾಗಿಲ್ಲ. ನಾಲ್ಕು ಟ್ರ್ಯಾಕೂ ಹಾಗೇ ಇದೆ. ದನಿ ಒಂದರಲ್ಲಿ, ಗಿಟಾರು ಎರಡರಲ್ಲಿ." ಅಪ್ಪ ಮೂರು ಗುಂಡಿಗಳನ್ನು ಕೆಳಗಿಳಿಸಿ ಒಂದನ್ನು ಮಾತ್ರ ಮೇಲಕ್ಕೆ ತಳ್ಳಿದ. "ನಾಲ್ಕನೇದು ಇದು."

ಒಂದು ಕ್ಷಣ ಬರೀ ಸುಯ್ ಅನ್ನುವ ಸದ್ದು. ಕೋಲಿಗೆ ಕೋಲು ನಾಲ್ಕು ಸಲ ತಾಗಿತು. ಆಮೇಲೆ ಶೆಡ್ಡು ಅಲುಗಿತು.

ಅದು ಅವಳೇ. ಇಪ್ಪತ್ಮೂರು ವರ್ಷದ ಹುಡುಗಿ, ಭುಜದಿಂದ ಇಳಿಸಿ ಇಳಿಸಿ ಬಾರಿಸುತ್ತಿದ್ದಳು. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ಬೇರೆ ಬೇರೆ ತೂಕ. ಎರಡನೇ ಚರಣಕ್ಕೆ ಹೋಗುವಾಗ ಎಲ್ಲ ಡ್ರಮ್ಮಿನ ಮೇಲೆ ಕೈ ಉರುಳಿಸಿಕೊಂಡು ಬಂದದ್ದು ಬೆಟ್ಟದಿಂದ ಬಂಡೆ ಉರುಳಿದ ಹಾಗಿತ್ತು. ಬೆಂಚಿನ ಮೇಲಿನ ಮೊಳೆಗಳು ಕುಣಿದು ಕೆಳಗೆ ಬಿದ್ದವು. ಹಾಡು ಮುಗಿಯಿತು.

"ಮತ್ತೆ ಕ್ಯಾಸೆಟ್ಟಲ್ಲಿ?" ಅಂತ ಕೇಳಿದಳು.

"ನಾನೇ ಇಳಿಸಿದ್ದು," ಅಂದ ಅಪ್ಪ. "ಕೂಡಿಸುವಾಗ ಅಂಗಡೀಲಿ ಇದ್ದದ್ದು ಆರು ಇಂಚಿನ ಸ್ಪೀಕರ್. ನಿನ್ನ ಡ್ರಮ್ಸ್ ಬಂದ ತಕ್ಷಣ ಕೋನು ಪರಪರ ಅಂತ ಹರಿದುಕೊಳ್ತಾ ಇತ್ತು. ಎರಡು ಸುಟ್ಟೆ. ಮೂರನೇದು ಸುಡಬಾರದು ಅಂತ ಇಳಿಸ್ತಾ ಹೋದೆ. ಅದು ಹರಿಯದೆ ಇರೋವರೆಗೆ ಇಳಿಸಿದೆ."

"ಜನ ನನ್ನ ಕೈಲಿ ಬಲ ಇಲ್ಲ ಅಂದಾಗ?"

ಅಪ್ಪ ಟೇಪನ್ನು ಹಿಂದಕ್ಕೆ ಸುತ್ತತೊಡಗಿದ.

"ಹೇಳಿ ಅಪ್ಪ! ಆಗ ನೀವು ಅಲ್ಲೇ ಇದ್ರಿ. ಇವನು ನನ್ನನ್ನ ಎಬ್ಬಿಸಿ ಆ ಜಾಗದಲ್ಲಿ ಇನ್ನೊಬ್ಬನ್ನ ಕೂರಿಸಿದಾಗ ನೀವು ಅಲ್ಲೇ ಬೆಸುಗೆ ಹಾಕ್ತಾ ಕೂತಿದ್ರಿ!"

"ಬಲ ಇಲ್ಲದ್ದು ನನ್ನ ಸ್ಪೀಕರಿಗೆ ಅಂತ ಹೇಳ್ಬೇಕಾಗಿತ್ತು. ಊರಿಗೆಲ್ಲ ನಾನು ರೇಡಿಯೋ ಮೇಷ್ಟ್ರು. ಬಾಯಿ ಬರಲಿಲ್ಲ." ಇನ್ನೊಂದನ್ನೂ ಹೇಳಿಬಿಡಬೇಕು ಅನ್ನುವ ಹಾಗೆ, "ನೀನು ಅದನ್ನ ಬಿಟ್ಟಿದ್ದು ಒಂಥರಾ ಒಳ್ಳೇದೇ ಆಯ್ತು ಅಂತಾನೂ ಅನ್ಕೊಂಡೆ ಆಗ," ಅಂದ.

ಅವಳಿಗೆ ಆ ಕ್ಷಣದಲ್ಲಿ ಬಂದ ಸಿಟ್ಟು ಕೈಕಾಲಿಗೆ ಇಳಿಯುವ ಜಾತಿಯದಾಗಿರಲಿಲ್ಲ. ಸುತ್ತಿಗೆ ಕಡೆ ನೋಡಲೂ ಇಲ್ಲ. ಇಪ್ಪತ್ಮೂರು ವರ್ಷ ತನ್ನ ಎರಡು ಕೈಗಳನ್ನೇ ಅನುಮಾನದಿಂದ ನೋಡಿಕೊಂಡಿದ್ದಳು. ಅದರ ಲೆಕ್ಕ ಯಾರ ಹತ್ತಿರ ಕೇಳುವುದು?

"ನಾನು ಕ್ಯಾಸೆಟ್ ನಂಬಿದೆ ಕಣೆ," ಅಂತ ಅಣ್ಣ ಸಂಕಟದಿಂದ ಶುರು ಮಾಡಿದ. "ನನಗೇನು ಗೊತ್ತು—"

ಅವಳು ಅವನ ಕಡೆ ತಿರುಗಿದಳು.

"ನಿನಗೆ ಗೊತ್ತಿರಲಿಲ್ವಾ? ದಿನಾ ಸಂಜೆ ನನ್ನ ಮುಂದೆ ಐದಡಿ ದೂರದಲ್ಲಿ ನಿಂತು ಹಾಡ್ತಾ ಇದ್ದೆ. ನಿನ್ನ ಬೆನ್ನಿಗೆ ಬಡೀತಾ ಇತ್ತಲ್ಲೋ ಅದು! ಅಪ್ಪನಿಗಾದ್ರೂ ಸ್ಪೀಕರ್ ಸುಡುತ್ತೆ ಅನ್ನೋ ಭಯ ಇತ್ತು. ನಿನಗೇನಿತ್ತು? ಕಣ್ಣೆದುರು ಕೇಳಿದ್ದನ್ನ ಬಿಟ್ಟು, ಡಬ್ಬದಲ್ಲಿ ಕೇಳಿದ್ದನ್ನ ನಂಬಿದೆ. ಯಾಕೆ ಗೊತ್ತಾ? ನಿನ್ನ ದನಿ ಅದರಲ್ಲಿ ಚೆನ್ನಾಗಿ ಕೇಳಿಸ್ತಾ ಇತ್ತು."

ಅಣ್ಣ ಕೂದಲು ಹಿಂದಕ್ಕೆ ತಳ್ಳಿಕೊಂಡ. ಕೊನೆಗೆ, "ಹೌದೇನೋ," ಅಂದ.

"ಏನೋ ಗೀನೋ ಇಲ್ಲ. ಹೌದು."

"ಹೌದು."

ಎರಡು ವಾರ ಅವಳು ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಊಟ ಬಡಿಸುತ್ತಿದ್ದಳು, ಮಾತ್ರೆ ಎತ್ತಿಡುತ್ತಿದ್ದಳು, ಬಾಯಿ ಮಾತ್ರ ಬಿಗಿದುಕೊಂಡಿತ್ತು. ಅಣ್ಣ ಹೊಸದಾಗಿ ಮಾಡಿಸಿದ್ದನ್ನೆಲ್ಲ ತಡೆಹಿಡಿದು, ಏನು ಮಾಡಲಿ ಅಂತ ದಿನಾ ಫೋನು ಮಾಡುತ್ತಿದ್ದ. ಅವಳು ಎತ್ತಲಿಲ್ಲ. ಮೂರನೇ ಶನಿವಾರ ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, "ಎದ್ದೇಳಿ. ಮತ್ತೆ ಕೂಡಿಸೋಣ. ನನ್ನ ಮುಂದೆ," ಅಂದಳು.

ಶೆಡ್ಡಿನಲ್ಲಿ ಆ ಎರಡು ಪೆಟ್ಟಿಗೆಗಳ ಮುಂದೆ ಅಪ್ಪ ಯಂತ್ರ ಇಟ್ಟುಕೊಂಡು ಕೂತ. ಅವಳು ಅವನ ಬೆನ್ನ ಹಿಂದೆ ನಿಂತಳು. ಅಪ್ಪ ಡ್ರಮ್ಮಿನ ಗುಂಡಿಯನ್ನು ಮೇಲಕ್ಕೆ ತಳ್ಳಿ ನಿಲ್ಲಿಸಿದಲ್ಲೆಲ್ಲ ಅವಳು ಒಂದೇ ಮಾತು: "ಇನ್ನೂ."

"ದನಿ ಮುಳುಗುತ್ತೆ ಕಣಮ್ಮ."

"ಮುಳುಗಲ್ಲ. ಇನ್ನೂ."

ಮುಳುಗಲಿಲ್ಲ. ಅಣ್ಣನ ದನಿ ಆ ಗುಡುಗಿನ ಮೇಲೆ ಏರಿ ನಿಂತು ಹಾಡಿದಾಗಲೇ ಅದಕ್ಕೆ ಜೀವ ಬಂದದ್ದು. ಅಪ್ಪನಿಗೂ ಅದು ಗೊತ್ತಾಯಿತು. ಐದನೇ ಹಾಡಿನಲ್ಲಿ ಅವಳು ತಾಳ ತಪ್ಪಿ ಮುಂದೆ ಓಡಿದ್ದು ಸ್ಪಷ್ಟವಾಗಿ ಕೇಳಿಸಿತು. "ಇದನ್ನ ಸ್ವಲ್ಪ ಮರೆಸಲಾ?" ಅಂದ ಅಪ್ಪ. "ಮುಟ್ಟಬೇಡಿ," ಅಂದಳು. ಆರನೆಯದರಲ್ಲಿ ಅಣ್ಣ ಸ್ವರ ತಪ್ಪಿದ್ದ. ಅದನ್ನೂ ಮುಟ್ಟಲಿಲ್ಲ.

ಅಣ್ಣ ಆ ಏಳು ಹಾಡನ್ನು ಹಾಗೇ ಬಿಡುಗಡೆ ಮಾಡಿದ. ದೊಡ್ಡ ಸುದ್ದಿಯೇನೂ ಆಗಲಿಲ್ಲ. ಕೆಲವರು ಕೇಳಿದರು, ಕೆಲವರು ಬರೆದರು. ಬರೆದವರಲ್ಲಿ ಮುಕ್ಕಾಲು ಜನ ಡ್ರಮ್ಸ್ ಬಾರಿಸಿದವರು ಯಾರು ಅಂತ ಕೇಳಿದ್ದರು. ಅಣ್ಣ ಅದನ್ನು ಓದಿ ಹೇಳಿದಾಗ ಅವಳಿಗೆ ಖುಷಿಯಾಗಲಿಲ್ಲ, ಇನ್ನಷ್ಟು ಸಿಟ್ಟು ಬಂತು. ಇದೇ ಮಾತನ್ನು ಆಗ ಹೇಳಿದ್ದರೆ?

"ನನ್ನ ಮೇಲೆ ಇನ್ನೂ ಕೋಪಾನಾ?" ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದ.

"ಹೌದು."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಇಪ್ಪತ್ಮೂರು ವರ್ಷದ್ದು, ಬೇಗ ಮುಗಿಯಲ್ಲ."

ಅಪ್ಪ ತಲೆಯಾಡಿಸಿ ಊಟ ಮಾಡಿದ.

ಅದರ ಮುಂದಿನ ವಾರ ಅವಳು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಗಂಟೆ ಲೆಕ್ಕದಲ್ಲಿ ಡ್ರಮ್ಸ್ ಬಾಡಿಗೆಗೆ ಕೊಡುವ ಒಂದು ಕೋಣೆ ಹುಡುಕಿಕೊಂಡು ಹೋದಳು. ಸ್ಟೂಲಿನ ಮೇಲೆ ಕೂತಳು. ಕೋಲು ಹಿಡಿದಾಗ ಅದು ಉಳಿಗಿಂತ ಹಗುರವಾಗಿ, ಅಪರಿಚಿತವಾಗಿತ್ತು. ಹತ್ತು ನಿಮಿಷದಲ್ಲಿ ಮುಂಗೈ ಹಿಡಿದುಕೊಂಡಿತು. ಕಾಲು ಕೈ ಹೇಳಿದ ಮಾತು ಕೇಳಲಿಲ್ಲ, ಕೈ ತಲೆ ಹೇಳಿದ್ದು ಕೇಳಲಿಲ್ಲ. ಅಪ್ಪನಿಗೆ ಬೈದಳು, ಅಣ್ಣನಿಗೆ ಬೈದಳು, ಆಮೇಲೆ ಇಬ್ಬರನ್ನೂ ಬಿಟ್ಟು ತನ್ನ ಕೈಗೇ ಬೈಯುತ್ತಾ ಬಾರಿಸಿದಳು. ಕೋಣೆಯ ಯಜಮಾನಿ ಬಾಗಿಲು ತೆರೆದು, "ಗಂಟೆ ಆಯ್ತು ಅಕ್ಕ," ಅಂದಳು.

"ಇನ್ನೊಂದು ಗಂಟೆ ಹಾಕಿ," ಅಂದಳು ಉಳಿಯಕ್ಕ, ತಲೆ ಎತ್ತದೆ.